ಬಾಲದ ಪೆಟ್ಟಿಗೆಯಲ್ಲಿ ಅವ್ವನ ದನಿ

ನಮ್ಮೂರಿನಲ್ಲಿ ಹೊಳೆಯ ಈ ಕಡೆ ಎಲ್ಲವೂ ತಲೆಯಿಂದ ಶುರುವಾಗುತ್ತದೆ, ಆ ಕಡೆ ಬಾಲದಿಂದ. ನಾವು ಅಂಗಿಯ ಗುಂಡಿಗಳನ್ನು ಕುತ್ತಿಗೆಯಿಂದ ಕೆಳಕ್ಕೆ ಹಾಕುತ್ತ ಬರುತ್ತೇವೆ, ಅವರು ಹೊಟ್ಟೆಯ ಹತ್ತಿರದಿಂದ ಮೇಲಕ್ಕೆ. ನಮ್ಮ ಮದುವೆ ಊಟದಲ್ಲಿ ಮೊದಲು ಪಾಯಸ, ಕಡೆಗೆ ಮಜ್ಜಿಗೆ. ಅಲ್ಲಿ ಎಲೆಯ ಮುಂದೆ ಕೂತ ಕೂಡಲೇ ಮಜ್ಜಿಗೆ ಅನ್ನ ಬಡಿಸುತ್ತಾರೆ, ಪಾಯಸ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಐವತ್ತೆರಡು ಎಂದು ಬರೆಯುವಾಗ ನಾವು ಐದು ಬರೆದು ಎರಡು ಬರೆಯುತ್ತೇವೆ. ಅವರು ಎರಡು ಬರೆದು ಪಕ್ಕದಲ್ಲಿ ಐದು ಬರೆದು, ಅದನ್ನೇ ಐವತ್ತೆರಡು ಎಂದು ಓದುತ್ತಾರೆ. ಇದರಲ್ಲಿ ಯಾರ ಹಟವೂ ಇಲ್ಲ. ಸೇತುವೆಯ ನಡುಮಧ್ಯೆ ಒಂದು ಹಿತ್ತಾಳೆ ಪಟ್ಟಿ ಇದೆ, ಅದನ್ನು ದಾಟಿದರೆ ಯಾರ ಕೈಯಾದರೂ ಕಣ್ಣಾದರೂ ತಿರುಗುತ್ತದೆ. ನಾನೇ ಆ ಕಡೆ ಹೋದರೆ ಬಾಯಿ ನನ್ನ ಮಾತು ಕೇಳುವುದಿಲ್ಲ. ಯಾರದೋ ಬಾಗಿಲಲ್ಲಿ ನಿಂತು "ಹೋಗ್ ಬತ್ತೀನಿ" ಎನ್ನುತ್ತೇನೆ, ಅವರು "ಹೂಂ, ಹುಷಾರಪ್ಪ" ಎಂದು ಒಳಗೆ ಕರೆದು ಕೂರಿಸುತ್ತಾರೆ.

ಮನುಷ್ಯರಿಗೆ ಇದು ಕಷ್ಟವಲ್ಲ. ದಾಟಿದರೆ ತಿರುಗುತ್ತೇವೆ, ವಾಪಸ್ ಬಂದರೆ ನೆಟ್ಟಗಾಗುತ್ತೇವೆ. ಕಷ್ಟ ಇರುವುದು ಪೆಟ್ಟಿಗೆಗಳದು. ಪೆಟ್ಟಿಗೆ ಯಾವ ದಡದಲ್ಲಿ ಹುಟ್ಟಿತೋ ಆ ದಡದ ಬುದ್ಧಿಯನ್ನೇ ಸಾಯುವ ತನಕ ಇಟ್ಟುಕೊಳ್ಳುತ್ತದೆ. ಎಷ್ಟು ಸಲ ಸೇತುವೆ ದಾಟಿಸಿದರೂ ಅಷ್ಟೆ.

ನಾನು ತಿಪ್ಪೇಶ, ಹೂವಿನ ಮಂಡಿಯಲ್ಲಿ ಕುಕ್ಕೆ ಹೊರುತ್ತೇನೆ. ಏಳನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ಸ್ಲೇಟನ್ನು ನನ್ನ ತಲೆಯ ಮೇಲೆ ಒಡೆದರು. ನಾನು ಅವರ ಸೈಕಲ್ಲನ್ನು ಹೊಳೆಗೆ ತಳ್ಳಿದೆ. ಅಲ್ಲಿಗೆ ಓದು ಮುಗಿಯಿತು. ನನಗೆ ಸಿಟ್ಟು ಜಾಸ್ತಿ ಎಂದು ಮಂಡಿಯಲ್ಲಿ ಹೇಳುತ್ತಾರೆ. ಹೇಳಿದವರಿಗೆ ಎರಡು ಬಿಟ್ಟರೆ ಆಮೇಲೆ ಹೇಳುವುದಿಲ್ಲ.

ಅದೇ ಮಂಡಿಯಲ್ಲಿ ಹರಾಜು ಕೂಗುವವಳು ನಮ್ಮವ್ವ, ಹಾಲಮ್ಮ. ಅವಳು ಕಟ್ಟೆಯ ಮೇಲೆ ನಿಂತು "ಕನಕಾಂಬರಾ" ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಕೂತವರು ತಿರುಗಿ ನೋಡುತ್ತಿದ್ದರು. ಅಂಥ ಗಂಟಲಿಗೇ ರೋಗ ಬಂತು. ಗಂಟಲು ಕೊಯ್ಯಬೇಕು, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಅವಳ ಕೈಗೆ ಒಂದು ಪೆಟ್ಟಿಗೆ ಕೊಟ್ಟರು. ಅಂಗೈ ಅಗಲದ್ದು, ಕೊರಳಿಗೆ ಹಾಕಿಕೊಳ್ಳುವುದು. ಅದರೊಳಗೆ ಉಗುರಿನಷ್ಟು ಒಂದು ಕಾರ್ಡು. ಏನೇನು ಮಾತು ಬೇಕೋ ಈಗಲೇ ಆಡಿಡಿ, ಆಮೇಲೆ ಗುಂಡಿ ಒತ್ತಿದರೆ ನಿಮ್ಮ ದನಿಯಲ್ಲೇ ಬರುತ್ತದೆ ಎಂದರು. ಅವ್ವ ವಾರ್ಡಿನ ಮೂಲೆಯಲ್ಲಿ ಕೂತು ಹೂವಿನ ಹೆಸರುಗಳನ್ನು ಹೇಳಿದಳು, ಬೆಲೆಗಳನ್ನು ಹೇಳಿದಳು, ವ್ಯಾಪಾರಿಗಳ ಹೆಸರುಗಳನ್ನು ಹೇಳಿದಳು. ಆಮೇಲೆ ಮನೆಗೆಂದು ಹೇಳಿದ್ದೆಲ್ಲ ನನಗೆ ಬೈಗುಳ. "ಬೇರೆ ಏನಾದ್ರೂ ಹೇಳಮ್ಮ, ಒಳ್ಳೇ ಮಾತು" ಎಂದು ನರ್ಸಮ್ಮ ಕೇಳಿದ್ದಕ್ಕೆ, "ಒಳ್ಳೇ ಮಾತು ಅವನ ಕಿವೀಗೆ ಇಳಿಯಾಕಿಲ್ಲ ಕಣವ್ವ" ಎಂದಳಂತೆ.

ಅವ್ವ ಪೆಟ್ಟಿಗೆಯಿಂದಲೇ ಹರಾಜು ಕೂಗತೊಡಗಿದಳು. ಗುಂಡಿಗಳ ಮೇಲೆ ಅವಳ ಬೆರಳು ಹೂ ಕಟ್ಟುವ ಬೆರಳಿನ ಹಾಗೇ ಓಡುತ್ತಿತ್ತು. ಮನೆಯಲ್ಲಿ ಅದೇ ಬೆರಳಿಂದ ನನಗೆ ಬೈಯುತ್ತಿದ್ದಳು. ನಾನು ತಡವಾಗಿ ಬಂದರೆ ಒಂದು ಗುಂಡಿ, ಜಗಳ ಮಾಡಿಕೊಂಡು ಬಂದರೆ ಇನ್ನೊಂದು. ಹೀಗಿರುವಾಗ ಒಂದು ದಿನ ಹೂವಿನ ಕಟ್ಟುಗಳನ್ನು ನೆನೆಹಾಕುವ ತೊಟ್ಟಿಗೆ ಬಗ್ಗಿದ್ದಾಳೆ, ದಾರ ಕಳಚಿ ಪೆಟ್ಟಿಗೆ ನೀರಿಗೆ ಬಿತ್ತು. ತೆಗೆಯುವಷ್ಟರಲ್ಲಿ ಸತ್ತಿತ್ತು. ಆಸ್ಪತ್ರೆಯವರು ಬೇರೆ ಪೆಟ್ಟಿಗೆ ಇಲ್ಲ, ಕಾರ್ಡು ಮಾತ್ರ ಒಣಗಿಸಿದರೆ ಸರಿಹೋಗುತ್ತದೆ ಎಂದರು. ಮಂಡಿಯ ಯಜಮಾನರು ಎರಡು ದಿನ ಕಾದು ನೋಡಿ ಹೇಳಿದರು: "ಹುಣ್ಣಿಮೆ ಸಂತೆ ಹೊತ್ಗೆ ಹಾಲಮ್ಮನ ದನಿ ಬಂದ್ರೆ ಕಟ್ಟೆ ಅವಳ್ದೇ. ಇಲ್ಲಾಂದ್ರೆ ನಾನು ಮೈಕಿನೋನನ್ನ ಕರೆಸ್ಬೇಕಾಯ್ತದೆ ಕಣಪ್ಪ, ಬೇಜಾರ್ ಮಾಡ್ಕಬ್ಯಾಡ."

ನಾನೂ ಅವ್ವನೂ ರೇವಣ್ಣನ ಅಂಗಡಿಗೆ ಹೋದೆವು. ನಮ್ಮ ಕಡೆ ಪೆಟ್ಟಿಗೆ ಮಾರುವವನು ಅವನೊಬ್ಬನೇ.

"ನಮ್ ಕಡೆ ಪೆಟ್ಗೆ ಮಾಡೋದು ನಿಲ್ಸಿ ಬಾಳ ದಿನ ಆಯ್ತು" ಎಂದ ರೇವಣ್ಣ. "ಈಗ ಬರೋದೆಲ್ಲ ಬಾಲದೋರ್ದೇ. ಆದ್ರೇನು, ಕಾರ್ಡಿನ ಅಳತೆ ಒಂದೇ. ಹಾಕು, ಮಾತಾಡು, ಮನೇಗೋಗು."

ಹೊಸ ಪೆಟ್ಟಿಗೆಗೆ ಕಾರ್ಡು ತುರುಕಿದ. ಪುಟ್ಟ ಪರದೆಯ ಮೇಲೆ ಅಕ್ಷರ ಮೂಡಿತು: ಈ ಕಾರ್ಡು ಗುರುತು ಸಿಗುತ್ತಿಲ್ಲ, ಒರೆಸಿ ಹೊಸದಾಗಿ ಮಾಡಬೇಕೆ?

"ಬ್ಯಾಡ ಅನ್ನಣ್ಣ!" ಎಂದು ಕೂಗಿದೆ.

"ಅಷ್ಟೂ ತಿಳಿಯಾಕಿಲ್ವಾ ನಂಗೆ? ನಿನ್ ಚಡ್ಡಿ ಒದ್ದೆ ಆಗ್ತಿದ್ದ ಕಾಲ್ದಿಂದ ಒತ್ತಿದೀನಿ" ಎಂದು ಅವನು ಪರದೆಯ ಕಡೆ ನೋಡದೆಯೇ ಮೊದಲನೇ ಗುಂಡಿ ಒತ್ತಿದ. ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಮೊದಲನೆಯದು ಬೇಡ, ಎರಡನೆಯದು ಹೌದು. ಹೆಬ್ಬೆರಳಿಗೇ ಗೊತ್ತಿರುವ ವಿಷಯ, ಯಾರೂ ಓದುವುದಿಲ್ಲ. ಇದು ಬಾಲದ ಪೆಟ್ಟಿಗೆ.

ಒರೆಸಲಾಗುತ್ತಿದೆ ಎಂದು ಬಂತು. ನಾನು ಉಗುರು ಹಾಕಿ ಕಾರ್ಡನ್ನು ಕಿತ್ತೆ. ಕಿತ್ತ ಕೈಯಲ್ಲೇ ರೇವಣ್ಣನ ಕೊರಳ ಪಟ್ಟಿ ಹಿಡಿದೆ. ಅವನು "ನಾನ್ ಬ್ಯಾಡ ಅಂತಾನೇ ಒತ್ತಿದ್ದು, ಆಣೆ ಮಾಡ್ತೀನಿ" ಎಂದು ಒದರುತ್ತಿದ್ದ. ಅವ್ವ ನನ್ನ ಮಣಿಕಟ್ಟು ಹಿಡಿದು ಎಳೆದಳು. ಅವಳ ಬಾಯಿ ತೆರೆದಿತ್ತು, ಅದರಿಂದ ಗಾಳಿ ಮಾತ್ರ ಬರುತ್ತಿತ್ತು.

ಆವತ್ತಿನಿಂದ ಮನೆಯಲ್ಲಿ ಬೈಯುವವರಿಲ್ಲ. ನಾನು ತಡವಾಗಿ ಬಂದೆ, ಅವ್ವ ತಟ್ಟೆ ಇಟ್ಟಳು. ಬೇಕೆಂತಲೇ ಯಾರೊಂದಿಗೋ ಹೊಡೆದಾಡಿ ತುಟಿ ಒಡೆದುಕೊಂಡು ಬಂದೆ, ಅವ್ವ ಸುಮ್ಮನೆ ಅರಿಶಿನ ಹಚ್ಚಿದಳು. ನನಗೆ ತಡೆಯಲಾಗಲಿಲ್ಲ. ಕಾರ್ಡನ್ನೂ ರೇವಣ್ಣನ ಆ ಹಾಳು ಬಾಲದ ಪೆಟ್ಟಿಗೆಯನ್ನೂ ತೆಗೆದುಕೊಂಡು, ಅದನ್ನು ಮಾಡಿದವರ ಹಲ್ಲು ಉದುರಿಸಿಬಿಡಬೇಕು ಎಂದು ಸೇತುವೆ ದಾಟಿದೆ.

ಪೆಟ್ಟಿಗೆ ಕಾರ್ಖಾನೆ ಎಂದರೆ ಒಂದು ಉದ್ದನೆಯ ಶೆಡ್ಡು. ಒಳಗೆ ಕಡ್ಲೆಕಾಯಿ ಸಿಪ್ಪೆಯ ರಾಶಿಯ ನಡುವೆ ಒಬ್ಬ ದಪ್ಪನೆಯ ಹೆಂಗಸು ಕೂತಿದ್ದಳು. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ನಾನು ಬಾಗಿಲನ್ನು ಒದ್ದು, ಎದೆ ಸೆಟೆಸಿ, ಇರುವ ಸಿಟ್ಟನ್ನೆಲ್ಲ ಸೇರಿಸಿ ಕೂಗಿದೆ: "ಹೋಗ್ ಬತ್ತೀನಿ!"

ಅವಳು ತಲೆ ಎತ್ತದೆ "ಹೂಂ, ಮೆಟ್ಲು ನೋಡ್ಕಂಡು ಇಳಿಯಪ್ಪ" ಎಂದು ಒಂದು ಸ್ಟೂಲನ್ನು ಕಾಲಿಂದ ನನ್ನ ಕಡೆ ತಳ್ಳಿದಳು. ಆ ದಡದಲ್ಲಿ ನಿಂತು ಜಗಳ ಶುರು ಮಾಡುವುದು ನಮ್ಮ ಕಡೆಯವರಿಂದ ಆಗುವ ಕೆಲಸವಲ್ಲ. ಅಲ್ಲಿ ಜಗಳ ಶುರುವಾಗುವುದೇ ರಾಜಿಯಿಂದ. ನಾನು ಕೂತೆ.

ಅವಳ ಹೆಸರು ಮೆಹರುನ್ನೀಸಾ. ದೂರದ ಊರಿನಲ್ಲಿ ದೊಡ್ಡ ಓದು ಓದಿ ಬಂದವಳು, ಆ ಓದಿನ ಪತ್ರಗಳೆಲ್ಲ ಗೋಡೆಯ ಮೇಲೆ ಸಾಲಾಗಿದ್ದವು. ನಾನು ಮೇಡಂ ಎಂದೆ. "ಮೇಡಂ ಅಂದ್ರೆ ವಯಸ್ಸಾದಂಗೆ ಕಾಣ್ತೀನಿ, ಮೆಹರಕ್ಕ ಅನ್ನು" ಎಂದಳು. ಕಾರ್ಡನ್ನು ತನ್ನ ಯಂತ್ರಕ್ಕೆ ಹಾಕಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಕ್ಕಳು.

"ಬದುಕವ್ಳೆ ಬಿಡು ನಿಮ್ಮವ್ವ."

ಆ ಕಡೆಯವರ ಮಾತಿನಲ್ಲಿ ತೀರ್ಮಾನ ಮೊದಲು, ಕಾರಣ ಆಮೇಲೆ. ನಾನು ಸ್ಟೂಲಿನ ಅಂಚು ಹಿಡಿದುಕೊಂಡು ಕಾರಣಕ್ಕೆ ಕಾದೆ.

"ನಮ್ ಪೆಟ್ಗೆ ಒರೆಸೋಕೆ ಶುರು ಮಾಡೋದು ಬಾಲದಿಂದ. ನಿಮ್ ಪೆಟ್ಗೆ ಮುಖ್ಯವಾದದ್ನೆಲ್ಲ ಇಡೋದು ತಲೇಲಿ, ಯಾವ್ ಮಾತು ಎಲ್ಲೈತೆ, ಎಷ್ಟುದ್ದ ಐತೆ, ಅದೆಲ್ಲ. ನೀನು ಬೇಗ ಕಿತ್ತಿದೀಯ. ಬಾಲದಾಗೆ ಚೂರು ಹೋಗೈತೆ, ತಲೆ ಗಟ್ಟಿಯಾಗೈತೆ."

"ಮತ್ತೆ ಗುರುತು ಸಿಗಲ್ಲ ಅಂತ ಯಾಕಂತು ನಿನ್ ಪೆಟ್ಗೆ?"

ಅವಳು ತುರುಬಿನ ಪೆನ್ಸಿಲ್ ತೆಗೆದಳು. ಪೆಟ್ಟಿಗೆಯೊಳಗೆ ಸಂಖ್ಯೆ ಇಡಲು ಸಣ್ಣ ಸಣ್ಣ ಮನೆಗಳಿವೆ, ಅದಕ್ಕೆ ಬೈಟು ಎನ್ನುತ್ತಾರೆ. ಸಣ್ಣ ಸಂಖ್ಯೆಗೆ ಒಂದು ಮನೆ ಸಾಕು. ದೊಡ್ಡ ಸಂಖ್ಯೆ ಒಂದರಲ್ಲಿ ಹಿಡಿಸುವುದಿಲ್ಲ, ಎರಡೋ ನಾಲ್ಕೋ ಮನೆ ಬೇಕು. ತಲೆಯ ಪೆಟ್ಟಿಗೆ ದೊಡ್ಡ ಭಾಗವನ್ನು ಮೊದಲನೇ ಮನೆಯಲ್ಲಿ ಇಡುತ್ತದೆ, ಬಾಲದ ಪೆಟ್ಟಿಗೆ ಚಿಕ್ಕ ಭಾಗವನ್ನು. ಪ್ರತಿ ಕಾರ್ಡಿನ ಶುರುವಿನಲ್ಲೂ ಇದು ನಮ್ಮ ಕಾರ್ಡು ಎಂದು ತಿಳಿಯಲು ಒಂದು ಗುರುತಿನ ಸಂಖ್ಯೆ ಇರುತ್ತದೆ. ಅವ್ವನ ಕಾರ್ಡಿನ ಆ ಸಂಖ್ಯೆಯನ್ನು ಬಾಲದ ಪೆಟ್ಟಿಗೆ ಹಿಂದುಮುಂದಾಗಿ ಓದಿ, ಇಂಥದ್ದು ನಾನು ಕಂಡೇ ಇಲ್ಲ ಎಂದಿತ್ತು.

"ತಿರುಗಿ ನಿಂತಿರೋರೆಲ್ಲ ಗುರುತಿಲ್ದೋರಾ?" ಎಂದಳು ಮೆಹರಕ್ಕ, ತನ್ನ ಪೆಟ್ಟಿಗೆಯ ಮೇಲೇ ರೇಗಿ. "ಬೆನ್ನು ನೋಡಿ ಗುರುತು ಹಿಡೀಬೇಕಪ್ಪ. ಈ ಪ್ರೋಗ್ರಾಮು ಬರ್ದೋನು ಯಾವನೋ ಸೋಮಾರಿ. ಗೊತ್ತಿಲ್ಲ ಅಂದ್ರೆ ಒರೆಸ್ಲಾ ಅಂತ ಕೇಳ್ತಾನೆ! ಮನೇಗೆ ಬಂದ ನೆಂಟ್ರು ಗೊತ್ತಾಗ್ಲಿಲ್ಲ ಅಂತ ಕುತ್ತಿಗೆ ಹಿಸುಕ್ತಾರಾ?"

ಇನ್ನೊಬ್ಬರ ಸಿಟ್ಟು ನೋಡಿ ನನಗೆ ಸಮಾಧಾನವಾದದ್ದು ಅದೇ ಮೊದಲು.

"ಹಂಗಾದ್ರೆ ಕಾರ್ಡಲ್ಲಿರೋದ್ನೆಲ್ಲ ತಿರುಗ್ಸಿ ಹಾಕಕ್ಕ, ಮುಗೀತಲ್ಲ" ಎಂದೆ.

"ಎಲ್ಲಾನೂ ತಿರುಗ್ಸಿದ್ರೆ ನಿನ್ ಹೆಸ್ರು ಏನಾಗ್ತದೆ ಗೊತ್ತಾ? ಶಪ್ಪೇತಿ." ಒಂದು ಕಡ್ಲೆಕಾಯಿ ಸಿಪ್ಪೆ ನನ್ನ ಮೇಲೆ ಎಸೆದಳು. "ಹೆಸ್ರು ಸಂಖ್ಯೆಯಲ್ಲ. ಅಕ್ಷರಗಳು ಅವುಗಳ ಪಾಡಿಗೆ ಸಾಲಾಗಿ ನಿಂತವೆ, ಅವನ್ನ ಮುಟ್ಬಾರ್ದು. ತಿರುಗ್ಸೋದು ಸಂಖ್ಯೆ ಮಾತ್ರ. ಅದ್ರಾಗೂ ಎರಡು ಮನೇದು ಬೇರೆ, ನಾಲ್ಕು ಮನೇದು ಬೇರೆ. ಯಾವ್ದು ತಿರುಗ್ಸ್ಬೇಕು ಅನ್ನೋದು ಅರ್ಧ ವಿದ್ಯೆ, ಯಾವ್ದು ಮುಟ್ಬಾರ್ದು ಅನ್ನೋದು ಉಳಿದರ್ಧ. ಅದೂ ಅಲ್ದೆ ನಾನು ಕಾರ್ಡು ತಿರುಗ್ಸಲ್ಲ."

"ಯಾಕೆ?"

"ಇವತ್ತು ತಿರುಗ್ಸಿ ನಮ್ ಕಡೇಗೆ ಹಾಕ್ಕಂಡೆ. ನಾಳೆ ನಿಮ್ ಕಡೆ ಪೆಟ್ಗೆ ಸಿಕ್ರೆ ಮತ್ತೆ ತಿರುಗ್ಸ್ತೀಯ. ನಿಮ್ಮವ್ವ ಏನು ಮಗುಚೋ ರೊಟ್ಟೀನಾ? ಅವಳು ಹೆಂಗವ್ಳೋ ಹಂಗೇ ಇರ್ಲಿ. ಕಲಿಯೋದಿದ್ರೆ ಪೆಟ್ಗೆ ಕಲೀಲಿ. ಕಾರ್ಡು ಒಳಗೆ ಬಂದ ಕೂಡ್ಲೇ ಗುರುತು ನೋಡ್ಬೇಕು. ನೆಟ್ಟಗಿದ್ರೆ ನೆಟ್ಟಗೆ ಓದು, ತಿರುಗಿದ್ರೆ ತಿರುಗ್ಸಿ ಓದು. ಆಗ ನಿಮ್ ಕಡೆ ಎಷ್ಟು ಜನ ಇಂಥ ಕಾರ್ಡು ಹಿಡ್ಕಂಡವ್ರೋ ಅಷ್ಟೂ ಜನಕ್ಕೆ ಆಯ್ತದೆ. ಇದನ್ನ ಎರಡೂ ದಡದಾಗೆ ನನ್ನಷ್ಟು ಚೆನ್ನಾಗಿ ಮಾಡೋರು ಯಾರೂ ಇಲ್ಲ. ಬೇಕಾದ್ರೆ ಕೇಳ್ಕಂಡ್ ಬಾ."

ಓದಿದವರು ಜಂಬ ಕೊಚ್ಚಿದರೆ ನನಗೆ ಮೈ ಉರಿಯುತ್ತದೆ. ಆದರೆ ಇವಳು ಜಂಬ ಕೊಚ್ಚುತ್ತಲೇ ಕಾರ್ಡಿಗೆ ಹಾಗೆಯೇ ಒಂದು ನಕಲು ತೆಗೆದು, ಅಸಲನ್ನು ಹತ್ತಿಯಲ್ಲಿ ಸುತ್ತಿ ನನ್ನ ಜೇಬಿಗೆ ಇಟ್ಟು, ಜೇಬಿಗೆ ಪಿನ್ನು ಚುಚ್ಚಿದಳು. ಕೂಸಿಗೆ ಟೋಪಿ ಕಟ್ಟುವ ಹಾಗೆ.

ಒಂದು ತೊಡಕಿತ್ತು. ಆ ದಡದಲ್ಲಿ ಕೂತರೆ ಅವಳ ಕಣ್ಣು ಎಲ್ಲವನ್ನೂ ಬಾಲದಿಂದಲೇ ಓದುತ್ತದೆ, ಕಾರ್ಡಿನಲ್ಲಿ ತಲೆಯ ಪೆಟ್ಟಿಗೆ ಏನು ಬರೆದಿತ್ತೋ ಹಾಗೆ ಕಾಣುವುದಿಲ್ಲ. ನಮ್ಮ ದಡಕ್ಕೆ ಬಂದರೆ ಅವಳ ಕೈ ಬಾಲದ ಪೆಟ್ಟಿಗೆಗೆ ಬೇಕಾದದ್ದನ್ನು ಬರೆಯುವುದಿಲ್ಲ. "ಒಂದು ತಲೆ ಬೇಕು" ಎಂದಳು.

"ಯಾವ ತಲೆ?"

"ನಿನ್ದೇ. ಖಾಲಿ ಐತಲ್ಲ."

ಮಾರನೇ ಬೆಳಿಗ್ಗೆ ಸೇತುವೆಯ ನಡುವೆ, ಹಿತ್ತಾಳೆ ಪಟ್ಟಿಯ ಮೇಲೆ ಅಡ್ಡಡ್ಡ ಒಂದು ಮೇಜು ಹಾಕಿದೆವು. ಆ ಕಡೆ ಕುರ್ಚಿಯಲ್ಲಿ ಮೆಹರಕ್ಕ, ಈ ಕಡೆ ನಾನು. ಅವ್ವ ಕಟಕಟೆಗೆ ಒರಗಿ ಸೇವಂತಿಗೆ ಕಟ್ಟುತ್ತ ಕೂತಳು. ಕೈಗಾಡಿಯವನೊಬ್ಬ "ದಾರೀಲಿ ಸಂಸಾರ ಹೂಡಿದೀರೇನ್ರೋ?" ಎಂದ. ಮೆಹರಕ್ಕ "ಹೂಂ ಕಣಣ್ಣ, ಮುಯ್ಯಿ ಹಾಕಿ ಮುಂದಕ್ಕೋಗು" ಎಂದಳು.

ನನ್ನ ಕೆಲಸ ಪರದೆಯ ಮೇಲೆ ಕಾಣುವ ಅಂಕಿಗಳನ್ನು ತಲೆಯಿಂದ ಓದಿ ಹೇಳುವುದು. ಅವಳು ಕೇಳಿ, ಯಾವುದು ಎಷ್ಟು ಮನೆಯದು ಎಂದು ತೀರ್ಮಾನಿಸಿ, ಬಾಲದ ಕಡೆಯಿಂದ ಪ್ರೋಗ್ರಾಮು ಬರೆಯುವುದು. ಅಂಕಿ ಕಂಡರೆ ನನಗೆ ಈಗಲೂ ನೆತ್ತಿಯಲ್ಲಿ ಸ್ಲೇಟು ಒಡೆದ ಸದ್ದು ಕೇಳುತ್ತದೆ. ನಾನು ಗೊಣಗಿದೆ.

"ಏನು, ನೊಣಕ್ಕೆ ಹೇಳ್ತಿದೀಯಾ? ನನ್ನ ಬೈದಂಗೆ ಓದು" ಎಂದಳು.

ಬೈದ ಹಾಗೆ ಓದಿದೆ. ಅದು ನನಗೆ ಬರುತ್ತದೆ. ಸೇತುವೆಯ ಎರಡೂ ಕೊನೆಗೆ ಕೇಳುವ ಹಾಗೆ ಅಂಕಿಗಳನ್ನು ಬೈದೆ, ಅವಳು ಕಣ್ಣು ಮುಚ್ಚಿ ಒಂದೊಂದನ್ನೂ ಹಿಡಿದು ತಿರುಗಿಸಿ ಅದರ ಜಾಗದಲ್ಲಿ ಕೂರಿಸುತ್ತ ಹೋದಳು. ಹೂ ಕಟ್ಟುವವರು ದಾರ ನೋಡುವುದಿಲ್ಲವಲ್ಲ, ಹಾಗೆ ಅವಳು ಕೈ ನೋಡುತ್ತಿರಲಿಲ್ಲ. ಒಂದು ಸಲ "ತಾಳು, ಈಗ ಓದಿದ್ದು ಅಕ್ಷರ, ಸಂಖ್ಯೆಯಲ್ಲ, ಬಿಡು ಅದನ್ನ" ಎಂದಳು. ಹೇಗೆ ಗೊತ್ತಾಯಿತೆಂದರೆ, "ನಡಿಗೇಲೇ ಗೊತ್ತಾಯ್ತದೆ" ಎಂದಳು. ಅಂಕಿಗೆ ನಡಿಗೆ ಇದೆ ಎಂದು ನನಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೂ ಅಲ್ಲೊಂದು ಇಲ್ಲೊಂದು ನಡಿಗೆ ಕಾಣತೊಡಗಿತು.

ಮೊದಲ ಸಲ ಪೆಟ್ಟಿಗೆಗೆ ಹಾಕಿ ನೋಡಿದಾಗ ಪರದೆಯ ಮೇಲೆ ಅವ್ವನ ಮಾತುಗಳ ಹೆಸರುಗಳೆಲ್ಲ ಸರಿಯಾಗಿ ಬಂದವು. ಸೇವಂತಿಗೆ, ಕಾಕಡ, ಕನಕಾಂಬರ. ನಾನು ಗುಂಡಿ ಒತ್ತಿದೆ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಸದ್ದು ಬಂತು, ಅಷ್ಟೆ. ಅವ್ವ ಕಟ್ಟುತ್ತಿದ್ದ ಮಾಲೆಯನ್ನು ತೊಡೆಯ ಮೇಲೆ ಇಟ್ಟು ಹೊಳೆಯ ಕಡೆ ಮುಖ ತಿರುಗಿಸಿದಳು. ನಾನು ಮೇಜಿಗೆ ಗುದ್ದಿದೆ.

"ಮೇಜು ಏನ್ ಮಾಡ್ತಪ್ಪ ನಿಂಗೆ?" ಎಂದಳು ಮೆಹರಕ್ಕ. "ದನೀನೂ ಸಂಖ್ಯೆಯೇ. ಒಂದೊಂದು ಉಸಿರೂ ಎರಡೆರಡು ಮನೆ ಸಂಖ್ಯೆ, ಸಾವಿರಾರು. ಅದಿನ್ನೂ ತಿರುಗಿಲ್ಲ, ಅದಕ್ಕೇ ಒಗ್ಗರಣೆ ಹಾಕ್ತೈತೆ. ಈಗ ಕಷ್ಟ ಏನಂದ್ರೆ ಈ ಪೆಟ್ಗೆ ಮಿದುಳು ಕಡ್ಲೆಬೀಜದಷ್ಟು. ಒಂದು ಮಾತು ಪೂರ್ತಿ ಒಳಗೆ ಇಟ್ಕಂಡು ತಿರುಗ್ಸೋಕೆ ಜಾಗ ಇಲ್ಲ. ಬಾಯಿಗೆ ಬರೋ ಹೊತ್ನಾಗೆ ನಾಲ್ಗೆ ಮ್ಯಾಲೇ ತಿರುಗ್ಸ್ಬೇಕು. ತಡ ಆದ್ರೆ ಉಗ್ಗುತ್ತೆ."

ಅದನ್ನು ಅವಳು ಬರೆದ ರೀತಿ ನಾನು ಸಾಯುವ ತನಕ ಮರೆಯುವುದಿಲ್ಲ. ಒಂದು ಸಾಲು ಬರೆಯುವುದು, ಇಷ್ಟು ಬೇಡ ಎಂದು ಅರ್ಧ ಅಳಿಸುವುದು, ಮತ್ತೆ ಅದರಲ್ಲಿ ಅರ್ಧ ಅಳಿಸುವುದು. ಬಡವರ ಮನೆಯಲ್ಲಿ ನೆಂಟರಿಗೆ ಹಾಸಿಗೆ ಹಾಸುವ ಹಾಗೆ ಆ ಕಡ್ಲೆಬೀಜದೊಳಗೆ ಅಷ್ಟಷ್ಟೇ ಜಾಗ ಮಾಡಿದಳು. ಊಟ ಮರೆತಳು. ಕಡ್ಲೆಕಾಯಿಯನ್ನೂ ಮರೆತಳು. ಬಿಸಿಲು ಇಳಿಯುವಾಗ "ಒತ್ತು" ಎಂದಳು.

ಅವ್ವನೇ ಒತ್ತಿದಳು. ಕನಕಾಂಬರ ಎಂದಿದ್ದ ಗುಂಡಿ.

"ಕನಕಾಂಬರಾ" ಎಂದಿತು ಪೆಟ್ಟಿಗೆ. ಅವ್ವನ ದನಿ. ಬಸ್ ಸ್ಟ್ಯಾಂಡಿಗೆ ಕೇಳುವ ದನಿ. ನಾವು ಉಸಿರು ಬಿಡುವ ಮೊದಲೇ ಪೆಟ್ಟಿಗೆ ನಿಲ್ಲದೆ ಮುಂದುವರಿಯಿತು: "ಕಾಕಡಾ ದುಂಡುಮಲ್ಲಿಗೆ ನೂರು ತೊಂಬತ್ತು ಚನ್ನಬಸಪ್ಪ ದಾವಲ್‌ಸಾಬಣ್ಣ ಎಲ್ಲಿಗ್ ಹಾಳಾಗೋಗಿದ್ದೆ ಮೂದೇವಿ ಆ ಅಂಗಿ ಬಿಚ್ಚಿ ನೀರಿಗಾಕು ನಾತ ಹೊಡೀತೈತೆ ನಿಮ್ಮಪ್ಪನ್ ಥರ ಗುರ್ ಅನ್ಬ್ಯಾಡ ಮತ್ತೆ ಯಾರಿಗೋ ಹೊಡ್ದು ಬಂದ್ಯಾ ಎಮ್ಮೆ ಚರ್ಮದೋನೇ..."

ಅವ್ವ ಎಲ್ಲ ಗುಂಡಿಗಳನ್ನೂ ಒತ್ತಿದಳು, ನಿಲ್ಲಲಿಲ್ಲ. ನನ್ನ ಜನ್ಮದ ಬೈಗುಳಗಳೆಲ್ಲ ಒಂದೇ ಉಸಿರಿನಲ್ಲಿ ಹೊಳೆಯ ಮೇಲೆ ಹರಿದವು. ಸೇತುವೆಯ ಎರಡೂ ಕಡೆಯಿಂದ ಜನ ಬಂದು ಕಟ್ಟಿಕೊಂಡರು. ಕೈಗಾಡಿಯವನು ಗಾಡಿ ನಿಲ್ಲಿಸಿ ಅದರ ಮೇಲೆ ಹತ್ತಿ ನಿಂತು, "ಇನ್ನೊಂದ್ಸಲ ಹಾಕ್ರೋ, ಎಮ್ಮೆ ಚರ್ಮದ್ದು ಸರಿಯಾಗಿ ಕೇಳ್ಲಿಲ್ಲ" ಎಂದ. ಅವನನ್ನು ಹೊಡೆಯಲು ಎದ್ದೆ. ಎದ್ದವನು ಅವ್ವನ ಮುಖ ನೋಡಿ ನಿಂತೆ. ಅವಳು ಕಟಕಟೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಭುಜ ಕುಲುಕುತ್ತಿತ್ತು.

ಮೆಹರಕ್ಕ ಮಾತ್ರ ನಗಲಿಲ್ಲ. "ಎಲ್ಲೋ ಉದ್ದ ತಪ್ಪೈತೆ. ಮಾತು ಎಲ್ಲಿಗೆ ನಿಲ್ಬೇಕು ಅಂತ ಪೆಟ್ಗೆಗೆ ಗೊತ್ತಾಗ್ತಿಲ್ಲ. ಪ್ರತಿ ಮಾತಿನ ಉದ್ದ ಎರಡು ಮನೇದು ಅಂತ ಬರ್ದಿದೀನಿ. ಲೇ ತಿಪ್ಪೇಶ, ಆ ಜಾಗ ಮತ್ತೆ ಓದು. ಓದೋವಾಗ ಏನಾದ್ರೂ ಬಿಟ್ಯಾ?"

"ಏನೂ ಬಿಟ್ಟಿಲ್ಲ."

"ಏನೂ?"

"ಮುಂದ್ಗಡೆ ಸೊನ್ನೆ ಇದ್ವು. ಬರೀ ಸೊನ್ನೆ."

ನಮ್ಮ ಕಡೆ ಸಂಖ್ಯೆಯ ಮುಂದಿನ ಸೊನ್ನೆಯನ್ನು ಯಾರೂ ಓದುವುದಿಲ್ಲ. ಅದಕ್ಕೆ ಬೆಲೆ ಇಲ್ಲ ಎಂದು ಹೊಡೆದು ಕಲಿಸುತ್ತಾರೆ. ಶಾಲೆಯಲ್ಲಿ ನಾನು ಕಲಿತು ಉಳಿಸಿಕೊಂಡಿದ್ದ ಪಾಠ ಅದೊಂದೇ.

ಬೈಗುಳ ಬರುತ್ತದೆ ಎಂದು ಕಾದೆ. ಮೆಹರಕ್ಕ ತನ್ನ ಹಣೆಗೇ ಹೊಡೆದುಕೊಂಡಳು. "ಕತ್ತೆ ನಾನು! ತಲೆಯೋರು ಮುಂದಿನ ಸೊನ್ನೆ ನುಂಗ್ತಾರೆ ಅಂತ ಗೊತ್ತಿದ್ದೂ ಕೇಳ್ಲಿಲ್ವಲ್ಲ. ನಾಲ್ಕು ಮನೇದು ಅದು. ಸೊನ್ನೇನೂ ಮನೇನೇ ಕಣೋ. ಖಾಲಿ ಮನೆ ಅಂದ್ರೆ ಮನೆ ಇಲ್ಲ ಅಂತಲ್ಲ. ಓದು, ಸೊನ್ನೆ ಸಮೇತ ಓದು."

ಸೊನ್ನೆಗಳನ್ನೂ ಬೈದೆ. ಅವಳು ಎರಡು ಮನೆಯನ್ನು ನಾಲ್ಕು ಮಾಡಿದಳು. ಅವ್ವ ಮತ್ತೆ ಒತ್ತಿದಳು.

"ಕನಕಾಂಬರಾ."

ನಿಂತಿತು. ಹೊಳೆ ಹರಿಯುವ ಸದ್ದು ಕೇಳಿಸಿತು. ಅವ್ವ ಕಾಕಡ ಒತ್ತಿದಳು, ಕಾಕಡ ಬಂತು. ನಿಂತಿತು. ಅವ್ವ ಪಟ್ಟಿಯನ್ನು ದಾಟಿ ಹೋಗಿ ತಾನು ಕಟ್ಟಿದ್ದ ಸೇವಂತಿಗೆಯಷ್ಟನ್ನೂ ಮೆಹರಕ್ಕನ ತುರುಬಿಗೆ ಸುತ್ತಿದಳು, ಪೆನ್ಸಿಲ್ಲಿನ ಸಮೇತ. ಮೆಹರಕ್ಕ ಮತ್ತೆ ಜಂಬಕ್ಕೆ ಬಾಯಿ ತೆರೆದಳು. "ನೋಡ್ದಾ, ನಾನ್ ಹೇಳ್ಲಿಲ್ವಾ ಎರಡೂ ದಡದಾಗೆ..." ಎಂದವಳು ಅರ್ಧಕ್ಕೇ ನಿಲ್ಲಿಸಿ, ಕಡ್ಲೆಕಾಯಿ ಹುಡುಕಿದಳು.

ಆಮೇಲೆ ಅವಳು ಕಾರ್ಡಿನಿಂದ ಅಳಿದುಹೋದದ್ದರ ವಿಷಯ ಹೇಳಿದಳು. ಬಾಲದಲ್ಲಿ ಒರೆಸಿಹೋದದ್ದು ಒಂದೇ ಮಾತು. ತಲೆಯಲ್ಲಿ ಅದರ ಹೆಸರಿದೆ, ದನಿ ಇಲ್ಲ. ಪರದೆಯ ಮೇಲೆ ತೋರಿಸಿದಳು: ಮೂರು ಸಾರಿ.

ಅವ್ವ ಮೇಜಿನ ಮೇಲೆ ಕೂತುಬಿಟ್ಟಳು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎನ್ನದೆ ಹರಾಜು ಮುಗಿಯುವುದು ಎಲ್ಲಿ? ಮಾಲು ಮುಂದೆ ಇಲ್ಲದೆ ಮೂರು ಸಾರಿ ಅನ್ನಬಾರದು ಎಂಬುದು ನಮ್ಮ ಮಂಡಿಯ ಪದ್ಧತಿ. ಅದಕ್ಕೇ ಅವ್ವ ಆಸ್ಪತ್ರೆಯಲ್ಲಿ ಆ ಮಾತನ್ನು ಉಳಿಸಿಕೊಂಡು, ಎಲ್ಲಕ್ಕಿಂತ ಕೊನೆಗೆ, ಆಪರೇಷನ್ನಿನ ಬೆಳಿಗ್ಗೆ ನರ್ಸಮ್ಮನ ಜಡೆಯ ಮಲ್ಲಿಗೆಯನ್ನು ಮುಂದಿಟ್ಟುಕೊಂಡು ಹೇಳಿದ್ದಳು. ಅದು ಕಾರ್ಡಿನ ಬಾಲದಲ್ಲಿತ್ತು.

"ಬೇರೆ ಯಾರ್ದಾದ್ರೂ ದನೀಲಿ ತುಂಬಿಕೊಡ್ಲಾ ಹಾಲಕ್ಕ?" ಎಂದಳು ಮೆಹರಕ್ಕ. ಅವ್ವ ತಲೆ ಅಲ್ಲಾಡಿಸಿದಳು. "ನಾನು ಪಕ್ಕದಲ್ಲಿ ನಿಂತು ಕೂಗ್ತೀನಿ ಬಿಡವ್ವ" ಎಂದೆ. ಅದಕ್ಕೂ ಬೇಡ ಎಂದಳು. ಕೂಗುವವಳು ಒಬ್ಬಳೇ ಇರಬೇಕು, ಅರ್ಧ ಹರಾಜು ಒಬ್ಬರು ಅರ್ಧ ಇನ್ನೊಬ್ಬರು ಕೂಗಿದರೆ ಕಟ್ಟೆ ಯಾರದು?

ಹುಣ್ಣಿಮೆ ಸಂತೆಯ ಬೆಳಿಗ್ಗೆ ಮಂಡಿ ತುಂಬಿತ್ತು. ಯಜಮಾನರು ಮೈಕಿನವನನ್ನೂ ಕರೆಸಿದ್ದರು, ಅವನು ತಂತಿ ಸುತ್ತಿಕೊಂಡು ಮೂಲೆಯಲ್ಲಿ ನಿಂತಿದ್ದ. ಮೆಹರಕ್ಕ ಆ ಕಡೆಯಿಂದ ನೋಡಲು ಬಂದಿದ್ದಳು. ಅವ್ವ ಕಟ್ಟೆ ಹತ್ತಿದಳು. ನಾನು ಕನಕಾಂಬರದ ಮೊದಲ ಕುಕ್ಕೆಯನ್ನು ಅವಳ ಮುಂದೆ ಇಟ್ಟೆ. ಪೆಟ್ಟಿಗೆ ಕೂಗಿತು, ಮಂಡಿ ಒಂದು ಸಲ ಹೋ ಎಂದಿತು. ಹಾರದ ಅಂಗಡಿಯ ಚನ್ನಬಸಪ್ಪನೂ ಆ ಕಡೆಯ ದಾವಲ್‌ಸಾಬಣ್ಣನೂ ಎಂದಿನಂತೆ ಪೈಪೋಟಿಗೆ ಬಿದ್ದರು. ಬೆಲೆ ಏರಿತು. ದಾವಲ್‌ಸಾಬಣ್ಣ ಕೈ ಬಿಟ್ಟ.

"ಒಂದು ಸಾರಿ" ಎಂದಿತು ಅವ್ವನ ದನಿ. "ಎರಡು ಸಾರಿ."

ಅವ್ವನ ಬೆರಳು ಗುಂಡಿಗಳ ಮೇಲೆ ನಿಂತಿತು. ಮಂಡಿ ಕಾಯಿತು. ಮೈಕಿನವನು ತಂತಿ ಬಿಚ್ಚತೊಡಗಿದ. ಮೂರು ಸಾರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು, ಹಲ್ಲು ಕಚ್ಚಿ ಹಿಡಿದೆ. ಅವ್ವ ಚನ್ನಬಸಪ್ಪನನ್ನು ದಿಟ್ಟಿಸಿ ನೋಡುತ್ತಿದ್ದಳು. ದಾವಲ್‌ಸಾಬಣ್ಣನಿಗೆ ಆ ಮೌನ ತಡೆಯಲಾಗಲಿಲ್ಲ, "ಇನ್ನ ಹತ್ತು!" ಎಂದ. ಚನ್ನಬಸಪ್ಪ ಬೆವರು ಒರೆಸಿಕೊಂಡು ಅದರ ಮೇಲೆ ಇನ್ನೂ ಹತ್ತು ಕೂಗಿದ. ಮತ್ತೆ ಒಂದು ಸಾರಿ, ಎರಡು ಸಾರಿ. ಮತ್ತೆ ಮೌನ.

ಅವ್ವ ಒಂದು ಗುಂಡಿ ಒತ್ತಿದಳು.

"ಸಾಕು ಎತ್ಕಂಡೋಗ್ಲಾ, ಹೊಟ್ಟೆಬಾಕ!"

ಮಂಡಿ ಬಿದ್ದು ಬಿದ್ದು ನಕ್ಕಿತು. ಯಜಮಾನರು ಮೈಕಿನವನ ಬೆನ್ನು ತಟ್ಟಿ ಮನೆಗೆ ಕಳಿಸಿದರು. ಚನ್ನಬಸಪ್ಪ ಕುಕ್ಕೆಯನ್ನು ತಲೆಯ ಮೇಲೆ ಇಟ್ಟುಕೊಂಡು, ಬಹುಮಾನ ಬಂದವನ ಹಾಗೆ ಹಲ್ಲು ಕಿರಿಯುತ್ತ ಎಲ್ಲರ ಮುಂದೆ ಹಾದುಹೋದ. ಮುಂದಿನ ಕುಕ್ಕೆಗೆ ದಾವಲ್‌ಸಾಬಣ್ಣ ಎಲ್ಲರಿಗಿಂತ ಮೊದಲೇ ಕೈ ಎತ್ತಿದ, ತನಗೆ ಏನು ಬೈಗುಳ ಬೀಳುತ್ತದೋ ಎಂಬ ಆಸೆಗೆ. ಮೆಹರಕ್ಕ ನನ್ನ ಬೆನ್ನಿಗೆ ಗುದ್ದಿ, "ನಿಮ್ಮವ್ವ ನನಗಿಂತ ಜಾಣೆ ಕಣೋ" ಎಂದಳು. ಅವಳ ಬಾಯಿಂದ ಅಂಥ ಮಾತು ಬಂದದ್ದು ನಾನು ಕೇಳಿದ್ದು ಅದೊಂದೇ ಸಲ.

ಈಗ ನಮ್ಮ ಮಂಡಿಯಲ್ಲಿ ಮೂರು ಸಾರಿ ಎನ್ನುವ ಮಾತಿಲ್ಲ. ಅವ್ವ ಬೈದರೆ ಮಾಲು ಹೋಯಿತು ಎಂದು ಅರ್ಥ. ಬೈಸಿಕೊಳ್ಳುವುದಕ್ಕೆಂದೇ ಎರಡೂ ದಡದಿಂದ ವ್ಯಾಪಾರಿಗಳು ಬರುತ್ತಾರೆ. ನಾನು ಕುಕ್ಕೆ ಹೊತ್ತು ಕಟ್ಟೆಯ ಪಕ್ಕದಲ್ಲಿ ನಿಂತು, ಒಂದೊಂದು ಬೈಗುಳವೂ ಯಾರ್ಯಾರದೋ ಪಾಲಾಗುವುದನ್ನು ನೋಡುತ್ತೇನೆ. ನನಗೆ ಸಿಟ್ಟು ಬರುತ್ತದೆ. ಅವೆಲ್ಲ ನನ್ನವು.